ಮಳೆ ಬಿಟ್ಟ ಮೇಲಿನ ಮೊದಲ ಸವಾರಿ

ಕಾಸರಗೋಡಿನ ನೆಲಕ್ಕೆ ವರ್ಷದಲ್ಲಿ ಎರಡು ಆರಂಭಗಳಿವೆ. ಒಂದು ಪಂಚಾಂಗದಲ್ಲಿರುವ ವಿಷು. ಇನ್ನೊಂದಕ್ಕೆ ನಿಶ್ಚಿತವಾದ ತಿಥಿಯಿಲ್ಲ. ಜೂನ್ ತಿಂಗಳಿನಿಂದ ಸುರಿದ ಮಳೆ ತನ್ನ ಭಾರವನ್ನು ಇಳಿಸಿ, ಬೆಳಗ್ಗಿನ ಹೊತ್ತು ಬಿಸಿಲು ನೆಚ್ಚಿಕೊಳ್ಳುವಂತಾದ ದಿನ ಅದು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ದೀಪಾವಳಿಯ ಬಳಿಕ ಮತ್ತೆ ತಿರುಗಾಟಕ್ಕೆ ಹೊರಡುವುದೂ, ತುಲಾ ಮಾಸದ ಹತ್ತನೆಯ ದಿನದ ಪತ್ತಾಮುದಯದೊಂದಿಗೆ ತೆಯ್ಯಂಗಳ ಕಾಲ ತೆರೆದುಕೊಳ್ಳುವುದೂ ಈ ಹೊತ್ತಿನಲ್ಲಿಯೇ. ಈಚಿನ ದಶಕಗಳಲ್ಲಿ ಈ ಆರಂಭಕ್ಕೆ ಮತ್ತೊಂದು ಗುರುತು ಸೇರಿದೆ. ಜಗಲಿಯ ಬದಿಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿದ್ದ ಮೋಟಾರ್‌ಸೈಕಲ್ಲುಗಳು ಅಂಗಳಕ್ಕೆ ಇಳಿಯುತ್ತವೆ. ರವಿವಾರ ಬೆಳಗಾಗುವಾಗಲೇ ಹುಡುಗ ಹುಡುಗಿಯರ ಸಣ್ಣ ಸಣ್ಣ ತಂಡಗಳು ಪೊಸಡಿಗುಂಪೆಯ ಕಡೆಗೋ ರಾಣಿಪುರದ ಕಡೆಗೋ ಹೊರಡುತ್ತವೆ.

ಈ ಸವಾರಿಯನ್ನು ಕುರಿತು ಎರಡು ಮಾತುಗಳು ಹಿರಿಯರ ಬಾಯಲ್ಲಿ ಸದಾ ಸಿದ್ಧವಾಗಿರುತ್ತವೆ: ಇದು ಹಣದ ಪೋಲು, ಇದು ಜೀವದ ಹಂಗಿಲ್ಲದ ಆಟ. ಇವೆರಡನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ. ನಾಲ್ಕು ತಿಂಗಳು ಮನೆ, ಬಸ್ಸು, ತರಗತಿಗಳ ನಡುವೆ ಕಳೆದ ಎಳೆಯ ಜೀವಕ್ಕೆ ತೊಳೆದ ಆಕಾಶದ ಕೆಳಗೆ, ಮುಖಕ್ಕೆ ಗಾಳಿ ತಾಗುವಂತೆ ಊರು ಸುತ್ತುವ ಆಸೆ ಹುಟ್ಟಿದರೆ ಅದು ಆರೋಗ್ಯದ ಲಕ್ಷಣ. ಆದರೆ ಈ ಸುಖ ಯಾವುದರಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಸವಾರರೂ ಕೇಳಿಕೊಂಡಂತೆ ಕಾಣುವುದಿಲ್ಲ. ವೇಗದಿಂದ ಬರುತ್ತದೆ ಎಂದು ಅವರು ನಂಬಿದ್ದಾರೆ. ನೆಲದ ಪರಿಚಯದಿಂದ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಪರಿಚಯವಿಲ್ಲದ ಸವಾರಿ ಸವಾರನಿಗೂ ಅಪಾಯ, ನೆಲಕ್ಕೂ ಹಾನಿ ಎಂಬುದನ್ನು ಹೇಳುವುದಕ್ಕಾಗಿ ಈ ಬರಹ.

ಮೊದಲು ಯಂತ್ರದ ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಅದರ ಬಹುಪಾಲು ಜೂನ್‌ನಿಂದ ಸಪ್ಟಂಬರಿನ ಒಳಗೆ. ಅಷ್ಟು ದಿನ ತೇವದಲ್ಲಿ ನಿಂತ ವಾಹನದ ಚೈನಿಗೆ ತುಕ್ಕು ಹಿಡಿದಿರುತ್ತದೆ, ಕ್ಲಚ್ಚಿನ ಕೇಬಲ್ಲು ಬಿಗಿದಿರುತ್ತದೆ, ಬ್ರೇಕಿನೊಳಗೆ ಕೆಸರು ಒಣಗಿ ಕುಳಿತಿರುತ್ತದೆ, ಟಯರಿನ ಗಾಳಿ ಇಳಿದಿರುತ್ತದೆ. ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಒರೆಸಿ, ಎಣ್ಣೆ ಹಾಕಿ, ಒಂದೊಂದು ಕೇಬಲ್ಲನ್ನೂ ಎಳೆದು ನೋಡುವವನಿಗೆ ಮರುದಿನದ ಸವಾರಿಯ ಅರ್ಧ ಸುಖ ಆಗಲೇ ದೊರೆತಿರುತ್ತದೆ. ನಮ್ಮ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಇನ್ನೂ ಕಾಣಸಿಗುವ ಜಾವಾ, ಯೆಜ್ಡಿ ಗಾಡಿಗಳು 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದವು. ಅವುಗಳಲ್ಲಿ ಒದ್ದು ಚಾಲೂ ಮಾಡುವ ಸನ್ನೆಗೋಲೇ ಗೇರಿನ ಸನ್ನೆಗೋಲೂ ಆಗಿತ್ತು. ಅಂಥ ಗಾಡಿಯನ್ನು ಓಡಿಸಿದ ತಲೆಮಾರು ಯಂತ್ರದ ಸದ್ದನ್ನು ಕೇಳಿಯೇ ಅದರ ಕಾಯಿಲೆಯನ್ನು ಹೇಳಬಲ್ಲುದಾಗಿತ್ತು. ಇಂದಿನ ಗಾಡಿಗಳು ಅಷ್ಟು ಗಮನವನ್ನು ಬೇಡುವುದಿಲ್ಲ. 2019ರ ಎಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾಗಿದೆ. ಅನುಕೂಲವೇ ಸರಿ, ಆದರೆ ಯಂತ್ರ ಎಚ್ಚರವಾಗಿದೆಯೆಂದು ಸವಾರ ನಿದ್ದೆ ಮಾಡುವಂತಿಲ್ಲ.

ಏಕೆಂದರೆ ಮಳೆ ಬಿಟ್ಟ ಮೊದಲ ವಾರಗಳಲ್ಲಿ ನಮ್ಮ ದಾರಿ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ತೋಟಗಳ ನಡುವೆ ಹಾದುಹೋಗುವ ಕಾಂಕ್ರೀಟು ದಾರಿಗೆ ಬಿಸಿಲೇ ಬೀಳದು. ಅದರ ಎರಡು ಅಂಚಿಗೂ ಪಾಚಿ ಹಾಸಿರುತ್ತದೆ. ಬಿದ್ದ ಅಡಿಕೆ ಹಾಳೆಯ ಮೇಲೆ ಚಕ್ರ ಏರಿದರೆ ಅದು ಜಾರುಬಂಡಿಯಾಗುತ್ತದೆ. ಗುಡ್ಡದಿಂದ ಹರಿದ ನೀರು ಮುರಕಲ್ಲಿನ ಹರಳನ್ನು ತಂದು ಸರಿಯಾಗಿ ತಿರುವಿನಲ್ಲಿಯೇ ಹರವಿರುತ್ತದೆ. ಆ ಹರಳು ಗೋಲಿಯಂತೆ ಉರುಳುತ್ತದೆ. ವಾಲಿಸಿದ ಗಾಡಿಯ ಮೇಲೆ ಅಲ್ಲಿ ಬ್ರೇಕ್ ಒತ್ತಿದವನು ನೆಲಕ್ಕೆ ಬೀಳುತ್ತಾನೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಸಮಗತಿಯಲ್ಲಿ ಸಾಗಬೇಕೆಂಬ ಹಳೆಯ ಪಾಠ ಹುಟ್ಟಿದ್ದು ಇಂಥ ದಾರಿಗಳಿಂದಲೇ. ಇನ್ನೊಂದು ಸರಳ ಲೆಕ್ಕವನ್ನೂ ನೆನಪಿಡಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ದನದ ಮುಂದೆ ಸುಲಭವಾಗಿ ನಿಂತ ಗಾಡಿ 80ರಲ್ಲಿ ನಿಲ್ಲಲಾರದು. ನಾಲ್ಕು ತಿಂಗಳ ಬಿಡುವಿನಲ್ಲಿ ಕೈಕಾಲುಗಳ ಅಭ್ಯಾಸವೂ ಸಡಿಲಿರುತ್ತದೆಯಾದ್ದರಿಂದ ಮೊದಲ ಸವಾರಿ ಸಣ್ಣದಾಗಿರಲಿ, ನಿಧಾನವಾಗಿರಲಿ, ಮಧ್ಯಾಹ್ನದೊಳಗೆ ಮುಗಿಯುವಂತಿರಲಿ. ತುಲಾ ಮಾಸದಲ್ಲಿ ಬೆಳಗ್ಗೆ ತಿಳಿಯಾಗಿದ್ದ ಆಕಾಶ ಸಂಜೆಯ ಹೊತ್ತಿಗೆ ಗುಡುಗು ಮಿಂಚುಗಳಿಂದ ತುಂಬಿಕೊಳ್ಳುವುದು ಇಲ್ಲಿಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಹೆಲ್ಮೆಟ್ಟಿನ ವಿಚಾರದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಮೋಟಾರು ವಾಹನ ಕಾಯಿದೆಯ 129ನೆಯ ವಿಧಿ ಹಿಂದೆ ಕುಳಿತವರಿಗೂ ಅದನ್ನು ಕಡ್ಡಾಯಗೊಳಿಸಿದೆ. ಗೆಳತಿಯನ್ನೋ ತಮ್ಮನನ್ನೋ ಬರಿದಲೆಯಲ್ಲಿ ಹಿಂದೆ ಕೂರಿಸಿಕೊಂಡು ತಾನು ಮಾತ್ರ ಹೆಲ್ಮೆಟ್ ತೊಟ್ಟವನ ಪ್ರೀತಿಯನ್ನು ನಾನು ನಂಬುವುದಿಲ್ಲ.

ನಿಧಾನವಾಗಿ ಹೋಗಿ ಎಂದರೆ ಎಳೆಯರಿಗೆ ರುಚಿಸದು. ನಿಧಾನದಲ್ಲಿ ಅವರಿಗೆ ದೊರೆಯುವುದೇನು ಎಂಬುದನ್ನು ತೋರಿಸಿಕೊಟ್ಟರೆ ರುಚಿಸಬಹುದು. ಕನ್ನಡ ವಿಭಾಗದವರಾದ ನಾವು ತೋರಿಸಿಕೊಡಬಹುದಾದದ್ದು ದಾರಿಯುದ್ದಕ್ಕೂ ಇದೆ. ಅದು ಊರುಗಳ ಹೆಸರು.

ಬದಿಯಡ್ಕ, ಮಾರ್ಪನಡ್ಕ, ಬಂದಡ್ಕ. ಮೀಯಪದವು, ಬಾಯಾರುಪದವು, ನಂದರಪದವು. ಹೊಸಂಗಡಿ, ಸುಂಕದಕಟ್ಟೆ, ನೀರ್ಚಾಲು. ಬಸ್ಸಿನ ಫಲಕದಲ್ಲಿ ದಿನವೂ ಓದಿ ಓದಿ ಈ ಹೆಸರುಗಳು ನಮಗೆ ಬರಿಯ ಸದ್ದುಗಳಾಗಿವೆ. ಸ್ವಲ್ಪ ಬಿಡಿಸಿ ನೋಡಿದರೆ ಒಂದೊಂದೂ ದಾರಿಹೋಕನಿಗೆ ಹಿರಿಯರು ಬರೆದಿಟ್ಟ ಸೂಚನೆ. ಅಡ್ಕವೆಂದರೆ ಮಟ್ಟಸವಾದ, ಗಟ್ಟಿನೆಲದ ಬಯಲು. ಅಲ್ಲಿ ದಾರಿ ಸರಾಗ. ಪದವೆಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ ಹಾಸು. ಅಲ್ಲಿಗೆ ಏರಿಯೇ ಹೋಗಬೇಕು, ಏರಿದ ಮೇಲೆ ಗಾಳಿ, ಬಿಸಿಲು, ದೂರದ ನೋಟ. ಬೈಲೆಂದರೆ ಗುಡ್ಡಗಳ ನಡುವಿನ ಗದ್ದೆ; ಅಲ್ಲಿ ತೋಡು ದಾಟುವುದಿದೆ, ಕೆಸರಿದೆ. ಪಳ್ಳವೆಂದರೆ ನೀರು ನಿಲ್ಲುವ ತಗ್ಗು. ಕಡವಿನ ಹೆಸರಿದ್ದಲ್ಲಿ ಹಿಂದೆ ದೋಣಿಯಿತ್ತು. ಸುಂಕದ ಹೆಸರಿದ್ದಲ್ಲಿ ಸರಕು ಹೊತ್ತ ಎತ್ತುಗಳು ನಿಂತು ಹೋಗುತ್ತಿದ್ದ ನೆನಪಿದೆ. ನಮ್ಮ ತಾಲೂಕುಗಳ ಬಹುಪಾಲು ಹೆಸರುಗಳಲ್ಲಿ ತುಳುವೂ ಕನ್ನಡವೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಆ ಹೆಣಿಗೆಯ ಎಳೆಗಳನ್ನು ಹಿಡಿಯಬಲ್ಲವನಿಗೆ ಮುಂದಿನ ಎರಡು ಮೈಲಿ ದಾರಿ ಹೇಗಿದ್ದೀತೆಂಬುದು ಮುಂಚೆಯೇ ತಿಳಿಯುತ್ತದೆ. ಕೈಯಲ್ಲಿರುವ ಫೋನು ಎಷ್ಟು ದೂರ, ಎಷ್ಟು ಹೊತ್ತು ಎಂಬುದನ್ನು ಹೇಳುತ್ತದೆ. ಅಡ್ಕಕ್ಕೂ ಪದವಿಗೂ ಇರುವ ವ್ಯತ್ಯಾಸವನ್ನು ಅದು ಹೇಳದು.

ಕೇರಳದ ಮಲೆನಾಡ ಹೆದ್ದಾರಿ ಬಡಗಣ ತುದಿಯಲ್ಲಿ ಆರಂಭವಾಗುವುದು ನಂದರಪದವಿನಲ್ಲಿ. ಅದು ಕೊನೆಗೊಳ್ಳುವುದು ತಿರುವನಂತಪುರ ಜಿಲ್ಲೆಯ ಪಾರಶ್ಶಾಲೆಯಲ್ಲಿ. ರಾಜ್ಯದ ಉದ್ದಕ್ಕೂ ಹಾಯುವ ಆ ದಾರಿಯ ಮೊದಲ ಮೈಲಿಗಲ್ಲು ನಮ್ಮ ನೆಲದ ಮಾತಿನಲ್ಲಿದೆ ಎಂಬುದನ್ನು ಅರಿತು ಚೇವಾರಿನ ಕಡೆಗೆ ಗಾಡಿ ಬಿಡುವವನ ಸಂತೋಷವೂ, ಅಗಲವಾದ ಹೊಸ ದಾರಿಯೆಂದಷ್ಟೇ ಕಂಡು ವೇಗವನ್ನು ಅಳೆಯುವವನ ಸಂತೋಷವೂ ಒಂದೇ ತೂಕದವುಗಳಲ್ಲ.

ಈ ನೆಲವನ್ನು ಹೆಸರು ಕೇಳುತ್ತಾ ಹಾದುಹೋದವರಲ್ಲಿ ಫ್ರಾನ್ಸಿಸ್ ಬುಕಾನನ್ ಒಬ್ಬ. ಮೈಸೂರು, ಕೆನರಾ, ಮಲಬಾರುಗಳಲ್ಲಿ 1800-01ರಲ್ಲಿ ಆತ ಮಾಡಿದ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ನಾವು ಮುರಕಲ್ಲು ಎನ್ನುವ ಶಿಲೆಗೆ ‘ಲ್ಯಾಟರೈಟ್’ ಎಂಬ ಹೆಸರು ಲೋಕಕ್ಕೆ ದೊರೆತದ್ದು ಆ ಗ್ರಂಥದಿಂದ. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಆತ ಈ ಕಲ್ಲನ್ನು ಗಮನಿಸಿದ. ನೆಲದಲ್ಲಿರುವಾಗ ಕೊಡಲಿಗೆ ಬಗ್ಗುವಷ್ಟು ಮೃದುವಾಗಿದ್ದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಅದರ ಗುಣವನ್ನು ಕಂಡು ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ಹೆಸರಿಟ್ಟ. ಆತನ ಉದ್ದೇಶ ಕಂಪೆನಿ ಸರಕಾರದ ಆದಾಯದ ಲೆಕ್ಕವೇ ಇದ್ದಿರಬಹುದು. ಆದರೂ ದಿನಕ್ಕೆ ಕೆಲವು ಮೈಲಿ ಮಾತ್ರ ಸಾಗಿ, ತಂಗಿದಲ್ಲೆಲ್ಲ ಮಣ್ಣು, ಬೆಳೆ, ನೀರು, ಜನ ಎಂದು ವಿಚಾರಿಸಿದ್ದರಿಂದಲೇ ಆ ದಿನಚರಿ ಇನ್ನೂರು ವರ್ಷಗಳ ಬಳಿಕವೂ ಓದಿಸಿಕೊಳ್ಳುತ್ತದೆ.

ಇನ್ನು ಡಾಮರು ಬಿಟ್ಟು ಮಣ್ಣಿಗಿಳಿಯುವ ಸವಾರಿಯ ವಿಚಾರ. ನಮ್ಮ ಗುಡ್ಡದ ದಾರಿಗಳು ಯಾರೋ ಸಾಹಸಕ್ಕಾಗಿ ಕಡಿದವಲ್ಲ. ಎರಡೂ ಬದಿಗೆ ಮಣ್ಣಿನ ಗೋಡೆಯೆದ್ದು ಮಧ್ಯದಲ್ಲಿ ತಂಪಾಗಿ ಹೋಗುವ ಓಣಿ, ತೋಡಿಗೆ ಅಡ್ಡವಾಗಿ ಹಾಕಿದ ಸಂಕ, ಬೇಲಿಯ ನಡುವಿನ ತಡಮೆ, ಗದ್ದೆಯ ಕಟ್ಟಪುಣಿ, ಇವೆಲ್ಲವೂ ಶಾಲೆಗೆ, ಗಿರಣಿಗೆ, ದೇವಸ್ಥಾನಕ್ಕೆ, ಆಟಕ್ಕೆ ನಡೆದವರ ಪಾದಗಳಿಂದ ಆದ ದಾರಿಗಳು. ಅವುಗಳಲ್ಲಿ ಗಾಡಿ ಹೋಗಬಹುದಾದ ಅಗಲವಿದ್ದು, ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲದಿದ್ದರೆ ಹೋಗುವುದರಲ್ಲಿ ತಪ್ಪಿಲ್ಲ. ಪಾದದಾನಿಯ ಮೇಲೆ ಎದ್ದು ನಿಂತು, ಮಂಡಿಯನ್ನು ಸಡಿಲಬಿಟ್ಟು, ಮುಂದಿನ ಚಕ್ರ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲು ಬಿಟ್ಟಾಗ ಕಲ್ಲುಮಣ್ಣಿನ ಮೇಲೆ ಗಾಡಿ ತೇಲುವಂತೆ ಹೋಗುವುದರಲ್ಲಿ ಒಂದು ನಿಜವಾದ ಕೌಶಲವಿದೆ, ಸಂತೋಷವಿದೆ. ಅದನ್ನು ಅಲ್ಲಗಳೆಯುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು.

ಆದರೆ ಓಣಿಗೆ ಒಂದು ರೀತಿಯಿದೆ. ಎದುರು ನಡೆದು ಬರುವವರಿಗೆ ಗಾಡಿ ದಾರಿ ಬಿಡಬೇಕು. ತಲೆಹೊರೆಯವರು ಕಂಡರೆ ಎಂಜಿನ್ ನಿಲ್ಲಿಸಬೇಕು. ತಡಮೆ ತೆರೆದವರು ಅದನ್ನು ಮುಚ್ಚಿಯೇ ಮುಂದೆ ಹೋಗಬೇಕು. ಇಲ್ಲವಾದರೆ ಸಂಜೆಯೊಳಗೆ ಯಾರದೋ ಬಾಳೆ ಇನ್ನಾರದೋ ದನದ ಹೊಟ್ಟೆ ಸೇರುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುವ ಕಾಲವಿದು. ಅಲ್ಲಿ ಧೂಳೆಬ್ಬಿಸಿ ಹೋಗುವುದು ಅನ್ನದ ಮೇಲೆ ಮಣ್ಣೆರಚಿದಂತೆ. ಸೈಲೆನ್ಸರನ್ನು ಬದಲಿಸಿ ಗುಡ್ಡವೆಲ್ಲ ಮಾರ್ದನಿಸುವಂತೆ ಮಾಡುವುದು ಕಾನೂನಿಗೂ ವಿರುದ್ಧ, ನೆರೆಕರೆಗೂ ವಿರುದ್ಧ. ಊರವರ ಎರಡು ಮಾತಿಗೆ ನಿಲ್ಲುವ ಸವಾರನಿಗೆ ಮಜ್ಜಿಗೆ ನೀರು ಸಿಗುತ್ತದೆ, ದಾರಿಯ ವಿವರ ಸಿಗುತ್ತದೆ, ಮನಸ್ಸಿದ್ದರೆ ಯಾವ ಪುಸ್ತಕದಲ್ಲಿಯೂ ಇಲ್ಲದ ಸ್ಥಳನಾಮಗಳೂ ಸಿಗುತ್ತವೆ.

ಓಣಿಯನ್ನು ಏರಿ ಪದವಿಗೆ ಮುಟ್ಟಿದಲ್ಲಿ ನನ್ನ ನಿಜವಾದ ತಕರಾರು ಆರಂಭವಾಗುತ್ತದೆ. ಪದವಿನಲ್ಲಿ ದಾರಿ ಬಿಟ್ಟು ಹಾಸಿನ ಮೇಲೆ ಗಾಡಿ ಓಡಿಸಬಾರದು. ಹೊಸಕಾಲದ ಸವಾರರಿಗೆ ಆ ವಿಶಾಲವಾದ ಬಯಲು ಯಾರೂ ಕೇಳುವವರಿಲ್ಲದ ಮೈದಾನದಂತೆ ಕಾಣುತ್ತದೆ. ವೃತ್ತ ಹಾಕುವುದು, ಹಿಂದಿನ ಚಕ್ರವನ್ನು ತಿರುಗಿಸಿ ಮಣ್ಣು ಹಾರಿಸುವುದು, ಅದನ್ನು ಚಿತ್ರೀಕರಿಸುವುದು ರೂಢಿಯಾಗುತ್ತಿದೆ. ಈ ಆಟಕ್ಕೆ ಅವರು ಆರಿಸಿಕೊಳ್ಳುವ ಕಾಲವಾದರೋ ಪದವು ಅತ್ಯಂತ ಸೂಕ್ಷ್ಮವಾಗಿರುವ ಕಾಲ.

ಬೇಸಗೆಯಲ್ಲಿ ಕಾದ ಕಾವಲಿಯಂತೆ ಕಾಣುವ ಪದವು ಮಳೆಗಾಲದ ಕೊನೆಯಲ್ಲಿ ತೋಟದಂತಿರುತ್ತದೆ. ಕಲ್ಲಿನ ತಗ್ಗುಗಳಲ್ಲಿ ಒಂದೆರಡು ಅಂಗುಲದಷ್ಟು ಮಣ್ಣು ಸೇರಿಕೊಂಡಿರುತ್ತದೆ. ಆ ಅಲ್ಪ ಮಣ್ಣಿನಲ್ಲಿ, ಆ ಅಲ್ಪ ನೀರಿನಲ್ಲಿ ಬದುಕುವುದಕ್ಕೆಂದೇ ಒಗ್ಗಿಕೊಂಡ ಸಸ್ಯಗಳಿವೆ. ಮಲೆಯಾಳಿಗಳು ಕಾಕ್ಕಪ್ಪೂವ್ ಎಂದು ಕರೆದು ಓಣಂ ಹೂವಿನ ರಂಗೋಲಿಗೆ ಬಳಸುವ ನೀಲಿ ಹೂವಿನ ಗಿಡ ಅವುಗಳಲ್ಲೊಂದು. ಮಣ್ಣಿನಲ್ಲಿ ಸಾರ ಸಾಲದೆ ಸೂಕ್ಷ್ಮಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಸಸ್ಯ ಅದು. ಅಂಟಿನ ಹನಿಗಳಿಂದ ಕೀಟ ಹಿಡಿಯುವ ಡ್ರೊಸೆರಾ ಕೂಡ ಇಂಥ ನೆಲಗಳಲ್ಲಿ ಕಾಣಸಿಗುತ್ತದೆ. ಈ ಗಿಡಗಳು ಕೆಲವೇ ವಾರಗಳಲ್ಲಿ ಹೂಬಿಟ್ಟು, ಬೀಜ ಉದುರಿಸಿ, ಒಣಗಿಹೋಗಬೇಕು. ಬೀಜ ಉದುರುವ ವಾರದಲ್ಲಿ ಚಕ್ರವೊಂದು ತಗ್ಗಿನ ಮಣ್ಣನ್ನು ಕಿತ್ತು ಹಾರಿಸಿದರೆ ಮುಂದಿನ ವರ್ಷ ಅಲ್ಲಿ ಬರಿಗಲ್ಲು ಉಳಿಯುತ್ತದೆ. ಒಂದು ಅಂಗುಲ ಮಣ್ಣು ಕಲ್ಲಿನ ಮೇಲೆ ಕೂಡಿಬರುವುದಕ್ಕೆ ಮನುಷ್ಯನ ಆಯುಸ್ಸು ಸಾಲದು.

ಹೂವಿನ ಮಾತು ಕವಿಗಳಿಗೆ ಎನ್ನುವವರಿಗೆ ಹುಲ್ಲು ನೀರುಗಳ ಮಾತನ್ನು ಹೇಳಬಹುದು. ಪದವಿನ ಮುಳಿಹುಲ್ಲು ಹಿಂದೆ ನಮ್ಮ ಮನೆಗಳ ಮಾಡಿಗೆ ಹೊದಿಕೆಯಾಗಿತ್ತು. ದನಗಳಿಗೆ ಅದೇ ಮೇವು. ಕಾಸರಗೋಡು ಗಿಡ್ಡ ಎಂದು ಹೆಸರಾದ ನಮ್ಮ ಸಣ್ಣ ತಳಿಯ ದನಗಳು ಇಂಥ ಗುಡ್ಡಗಳಲ್ಲಿ ಮೇದು ಬದುಕಿದವು. ಪದವಿಗೆ ಬಿದ್ದ ಮಳೆ ಕಲ್ಲಿನ ರಂಧ್ರಗಳಲ್ಲಿ ಇಳಿದು ಕೆಳಗಿನ ಮನೆಗಳಿಗೆ ನೀರಾಗುತ್ತದೆ. ಈ ಸೀಮೆಯ ಸುರಂಗಗಳೆಂದರೆ ಇದೇ ನೀರನ್ನು ಹಿಡಿಯಲು ಗುಡ್ಡದ ಪಾರ್ಶ್ವಕ್ಕೆ ಅಡ್ಡವಾಗಿ ಕೊರೆದ ಜಲಮಾರ್ಗಗಳು. ಪಂಪಿಲ್ಲದೆ, ವಿದ್ಯುತ್ತಿಲ್ಲದೆ ಬೇಸಗೆಯಲ್ಲಿಯೂ ತೋಟಕ್ಕೆ ನೀರುಣಿಸಿದ ಜಾಣ್ಮೆ ಅದು. ಮೇಲಿನ ಹಾಸಿನಲ್ಲಿ ಮಣ್ಣೂ ಹುಲ್ಲೂ ಇದ್ದರೆ ನೀರು ನಿಂತು ಇಳಿಯುತ್ತದೆ. ಇಲ್ಲವಾದರೆ ಕೊಚ್ಚಿಕೊಂಡು ತೋಡಿಗೆ ಹೋಗುತ್ತದೆ. ಅಲ್ಲಿ ಬಿದ್ದ ಚಕ್ರದ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ ಎಂಬುದನ್ನು ನೆನೆಯಬೇಕು.

ಇದಕ್ಕೆ ಬರುವ ಉತ್ತರವೂ ಗೊತ್ತಿರುವುದೇ. ‘ಪದವುಗಳನ್ನೇ ಸೀಳಿ ಕಲ್ಲು ಕಡಿದು ಲಾರಿಯಲ್ಲಿ ಸಾಗಿಸುತ್ತಿರುವಾಗ ನಮ್ಮ ಎರಡು ಚಕ್ರಗಳ ಮೇಲೇಕೆ ಈ ಕೋಪ?’ ಪ್ರಶ್ನೆಯಲ್ಲಿ ನ್ಯಾಯವಿದೆ. ಯಂತ್ರ ಹಚ್ಚಿದ ಕಲ್ಲಿನ ಕೋರೆ ಒಂದು ತಿಂಗಳಿನಲ್ಲಿ ಮಾಡುವ ಹಾನಿಯನ್ನು ಎಲ್ಲ ಮೋಟಾರ್‌ಸೈಕಲ್ಲುಗಳು ಸೇರಿ ಹತ್ತು ವರ್ಷದಲ್ಲಿ ಮಾಡಲಾರವು. ಆದರೆ ಕೋರೆ ಪದವಿಗೆ ಬಂದದ್ದು ಯಾವ ಮಾತಿನ ಬೆನ್ನೇರಿ? ‘ಅದು ಪಾಳು ನೆಲ, ಅಲ್ಲಿ ಏನೂ ಇಲ್ಲ’ ಎಂಬ ಮಾತಿನ ಬೆನ್ನೇರಿ. ಪದವಿನ ಮೇಲೆ ವೃತ್ತ ಹಾಕುವ ಸವಾರನೂ ತಿಳಿಯದೆ ಅದನ್ನೇ ಹೇಳುತ್ತಿದ್ದಾನೆ. ಅಲ್ಲಿ ಏನಿದೆಯೆಂದು ಕಂಡವರು, ಕಂಡದ್ದನ್ನು ಹೆಸರು ಹಿಡಿದು ಹೇಳಬಲ್ಲವರು ಹೆಚ್ಚಾದರೆ ಮಾತ್ರ ನಾಳೆ ಕೋರೆಯ ಎದುರು ನಿಲ್ಲುವುದಕ್ಕೆ ಜನ ಸಿಗುತ್ತಾರೆ. ಆ ಜನ ಎಲ್ಲಿಂದ ಬರಬೇಕು? ಪ್ರತಿ ರವಿವಾರ ಗುಡ್ಡ ಹತ್ತುವ ಈ ಎಳೆಯರಿಗಿಂತ ಹೆಚ್ಚು ಪದವುಗಳನ್ನು ಕಂಡವರು ಬೇರಾರಿದ್ದಾರೆ?

ಆದುದರಿಂದ ಈ ಮೊದಲ ಸವಾರಿಗಳನ್ನು ನಮ್ಮ ವಿಭಾಗವು ತನ್ನ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ನನ್ನ ಸಲಹೆ. ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ಯಲ್ಲಿ ಊರ ಹೆಸರುಗಳನ್ನೇ ಆಕರವಾಗಿಟ್ಟುಕೊಂಡು ಕನ್ನಡದ ಹಳೆಯ ಹರಹನ್ನು ಹುಡುಕಿದರು. ಗಡಿಯ ಆಚೆಗೆ ಉಳಿದ ನಮಗೆ ಆ ದಾರಿ ಬೇರೆಯವರಿಗಿಂತ ಹೆಚ್ಚು ಅಗತ್ಯ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ನಮ್ಮ ಊರುಗಳ ಹೆಸರುಗಳು ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರು ಲಿಪಿಗಳಲ್ಲಿ ಮೂರು ರೂಪ ತಾಳಿ ನಿಂತಿವೆ. ಮಂಜೇಶ್ವರ ಮಂಜೇಶ್ವರಂ ಆದದ್ದು ಎಲ್ಲರಿಗೂ ಕಾಣುತ್ತದೆ. ಫಲಕವೇ ಇಲ್ಲದ ಸಣ್ಣ ಎಡೆಗಳ ಹೆಸರುಗಳು, ಅಂದರೆ ಒಂದು ಪದವಿನ ಮೂಲೆಯ, ಒಂದು ತೋಡಿನ ತಿರುವಿನ, ಒಂದು ಪಳ್ಳದ ಹೆಸರುಗಳು, ಹೇಳುವ ಅಜ್ಜ ಅಜ್ಜಿಯರೊಂದಿಗೆ ಸದ್ದಿಲ್ಲದೆ ಹೋಗುತ್ತಿವೆ.

ಕೆಲಸ ದೊಡ್ಡದೇನಲ್ಲ. ಸವಾರಿಗೆ ಹೋದ ಪ್ರತಿಯೊಬ್ಬ ವಿದ್ಯಾರ್ಥಿಯೂ ನಾಲ್ಕು ಸಂಗತಿಗಳನ್ನು ಬರೆದು ತರಲಿ: ದಾರಿಯಲ್ಲಿ ಕಂಡ ಒಂದು ಫಲಕದ ಹೆಸರು ಬೇರೆ ಬೇರೆ ಲಿಪಿಗಳಲ್ಲಿ ಹೇಗಿದೆ, ಊರವರ ಬಾಯಲ್ಲಿ ಅದು ಹೇಗೆ ಉಚ್ಚಾರವಾಗುತ್ತದೆ, ಫಲಕವಿಲ್ಲದ ಒಂದು ಎಡೆಯ ಹೆಸರೇನು, ಅದಕ್ಕೆ ಹಿರಿಯರು ಹೇಳುವ ಅರ್ಥವೇನು. ಜನಪದರು ಹೇಳುವ ಅರ್ಥವೆಲ್ಲ ಭಾಷಾಶಾಸ್ತ್ರಕ್ಕೆ ಒಪ್ಪಿಗೆಯಾಗದಿರಬಹುದು. ಅದನ್ನು ತರಗತಿಯಲ್ಲಿ ಚರ್ಚಿಸಬಹುದು. ವರ್ಷಕ್ಕೆ ನೂರು ಹೆಸರು ಸೇರಿದರೂ ಐದು ವರ್ಷದಲ್ಲಿ ಈ ವಾರ್ತಾಪತ್ರದ ಒಂದು ವಿಶೇಷ ಸಂಚಿಕೆಗೆ ಸಾಕಾಗುವಷ್ಟಾಗುತ್ತದೆ. ಗಾಡಿಯಿಲ್ಲದವರು ಬಸ್ಸಿನಲ್ಲಿ ಹೋಗಲಿ, ನಡೆದು ಹೋಗಲಿ; ನಡೆದವರ ಪಟ್ಟಿಯೇ ಹೆಚ್ಚು ಉದ್ದವಾದರೆ ನನಗೆ ಆಶ್ಚರ್ಯವಾಗದು.

ಪೊಸಡಿಗುಂಪೆಗೆ ಹೋದವರು ದಾರಿ ಮುಗಿದಲ್ಲಿ ಗಾಡಿ ನಿಲ್ಲಿಸಿ ಕೊನೆಯ ಏರನ್ನು ಕಾಲಲ್ಲೇ ಹತ್ತಲಿ. ರಾಣಿಪುರದಲ್ಲಿ ಅರಣ್ಯ ಇಲಾಖೆ ಆ ನಿಯಮವನ್ನು ಹೇಗೂ ಪಾಲಿಸುವಂತೆ ಮಾಡಿದೆ. ಉಳಿದ ಪದವುಗಳಿಗೆ ಕಾವಲುಗಾರರಿಲ್ಲ, ನಾವೇ ಕಾವಲು. ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ನಡುವೆ ಹಬ್ಬಿರುವ ಅಡ್ಕ, ಬೈಲು, ಗುಡ್ಡೆಗಳಲ್ಲಿ ಎಷ್ಟರ ಹೆಸರನ್ನು ಹೇಳಬಲ್ಲೆವು ಎಂದು ಜೊತೆಯವರನ್ನು ಕೇಳಿ ನೋಡಲಿ. ಹೇಳಲಾಗದೆ ಉಳಿದ ಹೆಸರುಗಳಿರುವಷ್ಟು ದಿನ ಮುಂದಿನ ರವಿವಾರಕ್ಕೆ ದಾರಿಗಳಿಗೇನೂ ಕೊರತೆಯಿಲ್ಲ.